ಇಂದಿನ ಚಿಂತನೆ: ಆಲ್ಕಾಟರ ಋಣ



ಭಾನುವಾರ ಓದು ಮುಗಿದ ಮೇಲೆ ತಮ್ಮನೊಬ್ಬ ಕೇಳಿದ: "ಅಣ್ಣಾ, ಕರ್ನಲ್ ಆಲ್ಕಾಟ್ ಥಿಯಾಸಫಿಯವರು, ಕಣ್ಣಿಗೆ ಕಾಣದ ಮಹಾತ್ಮರನ್ನು ನಂಬಿದವರು. ಅವರನ್ನು ನಾವ್ಯಾಕೆ ನೆನೆಯಬೇಕು?" ತಕ್ಷಣ ಉತ್ತರ ಹೊಳೆಯಲಿಲ್ಲ.

ನೆನೆಯಬೇಕು. 1880ರಲ್ಲಿ ಸಿಂಹಳದ ಗಾಲೆಯಲ್ಲಿ ಪಂಚಶೀಲ ಸ್ವೀಕರಿಸಿದ ಅವರು, 1894ರಲ್ಲಿ ಮದರಾಸಿನ ಅಡ್ಯಾರಿನಲ್ಲಿ ನಮ್ಮ ಮಕ್ಕಳಿಗೆ ಉಚಿತ ಶಾಲೆ ತೆರೆದರು. 1898ರಲ್ಲಿ ಪಂಡಿತ ಅಯೋತಿದಾಸರು ಸಿಂಹಳಕ್ಕೆ ಹೋಗಿ ಬೌದ್ಧರಾಗಲು ನೆರವಾದರು. ಅಯೋತಿದಾಸರ ಸಂಘದ ಶಾಖೆ ನಮ್ಮ ಕೆಜಿಎಫ್‌ನ ಮಾರಿಕುಪ್ಪಂನಲ್ಲೂ ಇತ್ತು.

ಆದರೆ ಆಲ್ಕಾಟರ ನಂತರ ಅದೇ ಸೊಸೈಟಿಯ ಅಧ್ಯಕ್ಷೆಯಾದ ಆನಿ ಬೆಸೆಂಟ್, 1909ರಲ್ಲಿ ಶುಚಿತ್ವದ ಕಾರಣ ಕೊಟ್ಟು, ನಮ್ಮ ಮಕ್ಕಳನ್ನು ಮೇಲ್ಜಾತಿ ಮಕ್ಕಳ ಜೊತೆ ಕೂರಿಸಬಾರದೆಂದು ಬರೆದರು. ವಿಶ್ವಭ್ರಾತೃತ್ವ ಸಾರಿದ ಸಂಸ್ಥೆ ಅದು! ಬಾಬಾಸಾಹೇಬರು 1945ರ ತಮ್ಮ ಪುಸ್ತಕದಲ್ಲಿ ಆ ಬರಹವನ್ನು ಎತ್ತಿ ತೋರಿಸಿದ್ದಾರೆ. ಆತ್ಮ ಜನ್ಮದಿಂದ ಜನ್ಮಕ್ಕೆ ಮೇಲೇರುತ್ತದೆ ಎಂದು ಒಪ್ಪಿಕೊಂಡರೆ, ಕೆಳಗಿರುವವನಿಗೆ 'ಇನ್ನೂ ಕಾಯಪ್ಪ' ಎನ್ನುವುದು ಸುಲಭ. 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಆತ್ಮವನ್ನೂ ಹಿಂದಿನ ಜನ್ಮದ ಕರ್ಮವನ್ನೂ ಯಾಕೆ ತಳ್ಳಿಹಾಕಿದರು ಎಂಬುದು ನನಗೆ ಇಲ್ಲೇ ಅರ್ಥವಾದದ್ದು.

ನಮ್ಮವ್ವನಿಗೂ ಊರಿನವರು ಅದನ್ನೇ ಹೇಳುತ್ತಿದ್ದರು: "ಹಿಂದಿನ ಜನ್ಮದ್ದು, ಅನುಭವಿಸು." ಅವ್ವ ಅದನ್ನು ಕೊನೆವರೆಗೂ ನಂಬಿದ್ದಳು.