ಪೆಡಲ್ ಗಟ್ಟಿಯಾದ್ರೆ ಗಾಡಿ ನಿಲ್ಲುತ್ತಾ?

ಗ್ಯಾರೇಜಿನ ಮುಂದೆ ಅರ್ಧ ದಿನ ಕೂತರೆ ಬ್ರೇಕಿನ ಬಗ್ಗೆ ಎರಡು ದೂರು ಕಿವಿಗೆ ಬೀಳುತ್ತವೆ. "ಪೆಡಲ್ ಮೆತ್ತಗಾಗಿದೆ, ಒತ್ತಿದ್ರೆ ಕಾಲು ಒಳಗೇ ಹೋಗುತ್ತೆ" ಅನ್ನೋದು ಒಂದು. "ಎಷ್ಟು ಒತ್ತಿದ್ರೂ ಗಾಡಿ ನಿಲ್ತಿಲ್ಲ" ಅನ್ನೋದು ಇನ್ನೊಂದು. ಕೇಳೋಕೆ ಎರಡೂ ಒಂದೇ ಥರ ಇವೆ, ಆದರೆ ಕಾಯಿಲೆ ಬೇರೆ ಬೇರೆ. ಮೊದಲನೆಯದು ಪೆಡಲ್ಲಿನಿಂದ ಚಕ್ರದವರೆಗೆ ಹೋಗುವ ಪೈಪಿನೊಳಗಿನ ವಿಷಯ. ಎರಡನೆಯದು ಪ್ಯಾಡು, ಡಿಸ್ಕು, ಕೊನೆಗೆ ಟೈರು ಮತ್ತು ರಸ್ತೆಯ ವಿಷಯ. ಒಂದಕ್ಕೆ ಕೊಡಬೇಕಾದ ಔಷಧಿ ಇನ್ನೊಂದಕ್ಕೆ ಕೊಟ್ಟರೆ ದುಡ್ಡು ಹೋಗುತ್ತೆ, ಗಾಡಿ ಮಾತ್ರ ಮೊದಲಿನ ದೂರದಲ್ಲೇ ನಿಲ್ಲುತ್ತೆ.

ಲೆಕ್ಕ ಹಾಕೋಕೆ ಒಂದು ಕಾರು ಬೇಕಲ್ಲ. ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ನಮ್ಮ ಗೆಳೆಯನ ಮನೆಯ ಹಳೇ ಮಾರುತಿ 800 ಅನ್ನೇ ತಗೊಂಡಿದ್ದೀವಿ. ಮುಂದೆ ಡಿಸ್ಕ್, ಹಿಂದೆ ಡ್ರಮ್, ಬೂಸ್ಟರ್ ಇದೆ, ಎಬಿಎಸ್ ಇಲ್ಲ. (ನಮ್ಮ ದೇಶದಲ್ಲಿ ಎಲ್ಲಾ ಹೊಸ ಕಾರಿಗೂ ಎಬಿಎಸ್ ಕಡ್ಡಾಯ ಆಗಿದ್ದು 2019ರ ಏಪ್ರಿಲ್‌ನಿಂದ, 800ರ ಉತ್ಪಾದನೆ 2014ರಲ್ಲೇ ನಿಂತುಹೋಗಿತ್ತು.) ಆಸ್ಪತ್ರೆಗೆ, ಸಂತೆಗೆ, ಹೊಸದುರ್ಗಕ್ಕೆ ಹೋಗಿಬರೋಕೆ, ವರ್ಷಕ್ಕೊಮ್ಮೆ ಧರ್ಮಸ್ಥಳಕ್ಕೆ ಆ ಮನೆಗೆ ಇದೊಂದೇ ಗಾಡಿ. ದಾರಿಯೋ, ನಮ್ಮ ಬಯಲುಸೀಮೆಯ ದಾರಿ: ತಿರುವಿನಲ್ಲಿ ಕುರಿಮಂದೆ, ಬಣ್ಣ ಬಳಿಯದ ಹಂಪು, ಸುಗ್ಗಿ ಬಂತೆಂದರೆ ಟಾರಿನ ಮೇಲೇ ಹರಡಿದ ರಾಗಿ, ಸಾವೆ, ಹುರುಳಿ. ಬ್ರೇಕ್ ಸಾಲಲ್ಲ ಅಂತ ಯಾರೋ ಅವರಿಗೆ ಬೇರೆ ಕಾರಿನ ದೊಡ್ಡ ಡಿಸ್ಕು, ಕ್ಯಾಲಿಪರ್ ಹಾಕಿಸೋ ಸಲಹೆ ಕೊಟ್ಟಿದ್ದರು. ದುಡ್ಡೂ ಎತ್ತಿಟ್ಟಿದ್ದಾಗಿತ್ತು. ಅದು ನಿಜವಾಗಿ ಬೇಕಾ ಅಂತ ನೋಡೋದೇ ಈ ಪಾಠ.

ಕಾಲಿನಿಂದ ರಸ್ತೆವರೆಗೆ

ಸಣ್ಣ ಕಾರಿಗೆ ಹತ್ತಿರ ಹತ್ತಿರ ಹೊಂದುವ ಸಂಖ್ಯೆಗಳನ್ನು ಇಟ್ಟುಕೊಳ್ಳೋಣ. ಕಾಲಿನ ಒತ್ತಡ 200 ನ್ಯೂಟನ್, ಅಂದರೆ ಸುಮಾರು 20 ಕೆ.ಜಿ. ಭಾರದಷ್ಟು. ಪೆಡಲ್ ಒಂದು ಸನ್ನೆಕೋಲು. ಅದರ ಅನುಪಾತ 4 ಅಂದುಕೊಂಡರೆ ತಳ್ಳುವ ಕಡ್ಡಿಗೆ 800 ನ್ಯೂಟನ್ ಬರುತ್ತೆ. ಬೂಸ್ಟರ್ ಅದನ್ನು ಮೂರು ಪಟ್ಟು ಮಾಡಿದರೆ 2,400. ಮಾಸ್ಟರ್ ಸಿಲಿಂಡರಿನ ವ್ಯಾಸ 20.6 ಮಿ.ಮೀ. ಇದ್ದರೆ ಅದರ ವಿಸ್ತೀರ್ಣ 333 ಚದರ ಮಿ.ಮೀ., ಹಾಗಾಗಿ ಪೈಪಿನೊಳಗಿನ ಒತ್ತಡ ಸುಮಾರು 7.2 ಮೆಗಾಪ್ಯಾಸ್ಕಲ್, ಅಂದರೆ 72 ಬಾರ್. ಟೈರಿನ ಗಾಳಿ 2 ಬಾರ್ ಆಸುಪಾಸು ಇರುತ್ತೆ ಅನ್ನೋದನ್ನ ನೆನಪಿಸಿಕೊಂಡರೆ ಇದು ಎಷ್ಟು ಅಂತ ಅಂದಾಜಾಗುತ್ತೆ.

ಕ್ಯಾಲಿಪರ್ ಪಿಸ್ಟನ್ 48 ಮಿ.ಮೀ. ಇದ್ದರೆ ಪ್ಯಾಡ್ ಡಿಸ್ಕನ್ನು 13,000 ನ್ಯೂಟನ್ ಬಲದಲ್ಲಿ ಹಿಚುಕುತ್ತೆ. ಪ್ಯಾಡಿನ ಘರ್ಷಣಾಂಕ 0.38, ಡಿಸ್ಕಿಗೆ ಎರಡು ಮುಖ. ಘರ್ಷಣೆಯ ಬಲ 9,900 ನ್ಯೂಟನ್. ಇದು 9 ಸೆಂ.ಮೀ. ತ್ರಿಜ್ಯದಲ್ಲಿ ಕೆಲಸ ಮಾಡುತ್ತೆ, ಟೈರಿನ ತ್ರಿಜ್ಯ 25 ಸೆಂ.ಮೀ. ಹೀಗೆ ರಸ್ತೆಗೆ ತಲುಪುವುದು ಚಕ್ರಕ್ಕೆ ಸುಮಾರು 3,550, ಎರಡೂ ಮುಂದಿನ ಚಕ್ರ ಸೇರಿ 7,100 ನ್ಯೂಟನ್.

ಈಗ ರಸ್ತೆಯ ಕಡೆಯಿಂದ ಬರೋಣ. ಜನ ಸೇರಿ ಕಾರು 800 ಕೆ.ಜಿ. ಇದೆ, ಅದರಲ್ಲಿ 60 ಭಾಗ ಮುಂದೆ ಅಂದುಕೊಳ್ಳಿ, ಅಂದರೆ 480 ಕೆ.ಜಿ. ಒಣ ಟಾರಿನ ಮೇಲೆ ಘರ್ಷಣಾಂಕ 0.8 ಇಟ್ಟು ಗಟ್ಟಿಯಾಗಿ ಬ್ರೇಕ್ ಹೊಡೆದರೆ ಮೂತಿ ಕೆಳಗಾಗುತ್ತೆ, ಭಾರ ಮುಂದಕ್ಕೆ ಸರಿಯುತ್ತೆ. ಎಷ್ಟು? ಭಾರಕೇಂದ್ರದ ಎತ್ತರ ಅರ್ಧ ಮೀಟರ್, 800ರ ವೀಲ್‌ಬೇಸ್ 2,175 ಮಿ.ಮೀ.; ಲೆಕ್ಕ ಹಾಕಿದರೆ 147 ಕೆ.ಜಿ. ಈಗ ಮುಂದೆ 627, ಹಿಂದೆ ಬರೀ 173. ಮುಂದಿನ ಎರಡು ಟೈರು ಸೇರಿ ರಸ್ತೆಯನ್ನು ಹಿಡಿಯಬಲ್ಲ ಗರಿಷ್ಠ ಬಲ ಸುಮಾರು 4,900 ನ್ಯೂಟನ್.

ಇಲ್ಲಿ ಸ್ವಲ್ಪ ನಿಲ್ಲಿ. ಬ್ರೇಕ್ 7,100 ಕೊಡಬಲ್ಲದು, ಟೈರ್ ತಡೆಯೋದು 4,900 ಮಾತ್ರ. ಅಂದರೆ ಕಾಲಿನಲ್ಲಿ 14 ಕೆ.ಜಿ. ಒತ್ತಿದರೆ ಸಾಕು, ಮುಂದಿನ ಚಕ್ರ ಜಾಮ್ ಆಗಿ ಜಾರುತ್ತೆ. ಆಮೇಲೆ ಎಷ್ಟು ದೊಡ್ಡ ಡಿಸ್ಕ್ ಇದ್ದರೂ ಅದು ತಿರುಗ್ತಾನೇ ಇಲ್ಲ. ದೊಡ್ಡ ಡಿಸ್ಕ್ ಹಾಕಿಸಿದರೆ 14ರ ಬದಲು 12 ಕೆ.ಜಿ.ಗೆ ಜಾಮ್ ಆಗಬಹುದು, ಅಷ್ಟೇ. ನಿಲ್ಲುವ ದೂರ ಒಂದಡಿಯೂ ಕಮ್ಮಿಯಾಗಲ್ಲ.

"ಹಾಗಾದ್ರೆ ಆ ಮನೆಯವರು ಬ್ರೇಕ್ ಹಿಡೀತಿಲ್ಲ ಅಂದಿದ್ದು ಸುಳ್ಳಾ?" ಸುಳ್ಳಲ್ಲ. ನಮ್ಮ ಲೆಕ್ಕ ಆರೋಗ್ಯವಾಗಿರುವ ಬ್ರೇಕಿನದು. ಪ್ಯಾಡಿನ ಘರ್ಷಣಾಂಕ 0.38ರಿಂದ 0.2ಕ್ಕೆ ಇಳಿದಿದೆ ಅನ್ನಿ, ಅದೇ ಕೆಲಸಕ್ಕೆ ಕಾಲು 27 ಕೆ.ಜಿ. ಒತ್ತಬೇಕು. ಪ್ಯಾಡ್ ಚೆನ್ನಾಗಿದ್ದು ಬೂಸ್ಟರಿನ ವ್ಯಾಕ್ಯೂಮ್ ಪೈಪ್ ಸೀಳಿದ್ದರೆ 42 ಕೆ.ಜಿ. ಎರಡೂ ಸೇರಿದರೆ 80! ಮನೆಯ ಹಿರಿಯರು ಗಾಬರಿಯಲ್ಲಿ 80 ಕೆ.ಜಿ. ಒತ್ತೋದು ಎಲ್ಲಿಂದ ಬಂತು. ಆಗ ಬ್ರೇಕು ಇದ್ದೂ ಇಲ್ಲದ ಹಾಗೆ.

ಮೆತ್ತಗಿನ ಪೆಡಲ್ಲಿನ ಗುಟ್ಟು

ಪೆಡಲ್ ಎಷ್ಟು ಒಳಕ್ಕೆ ಹೋಗುತ್ತೆ ಅನ್ನೋದು ಬಲದ ಲೆಕ್ಕ ಅಲ್ಲ, ಗಾತ್ರದ ಲೆಕ್ಕ. ಬ್ರೇಕ್ ಆಯಿಲ್ ಬಹುಮಟ್ಟಿಗೆ ಕುಗ್ಗಲ್ಲ, ಗಾಳಿ ಕುಗ್ಗುತ್ತೆ. ಪೈಪಿನಲ್ಲಿ 1 ಮಿಲಿಲೀಟರ್ ಗಾಳಿ ಸಿಕ್ಕಿಕೊಂಡಿದೆ ಅಂದುಕೊಳ್ಳಿ. 72 ಬಾರ್ ಒತ್ತಡಕ್ಕೆ ಅದು ಎಪ್ಪತ್ತರಲ್ಲಿ ಒಂದು ಪಾಲಾಗುತ್ತೆ, ಅಂದರೆ ಹೆಚ್ಚುಕಮ್ಮಿ ಪೂರ್ತಿ 1 ಮಿ.ಲೀ. ಆಯಿಲ್ ಆ ಜಾಗ ತುಂಬೋಕೆ ಹೋಗಬೇಕು. 333 ಚದರ ಮಿ.ಮೀ. ಸಿಲಿಂಡರಿನಲ್ಲಿ ಅದು 3 ಮಿ.ಮೀ. ಓಟ. ಪೆಡಲ್ಲಿನಲ್ಲಿ ನಾಲ್ಕು ಪಟ್ಟು, 12 ಮಿ.ಮೀ. ಒಂದು ಔಷಧಿ ಡ್ರಾಪರಿನಷ್ಟು ಗಾಳಿಗೆ ಕಾಲು ಒಂದೂಕಾಲು ಸೆಂಟಿಮೀಟರ್ ಒಳಗೆ! ಹಳೇ ರಬ್ಬರ್ ಹೋಸ್ ಒತ್ತಡಕ್ಕೆ ಉಬ್ಬಿದರೂ ಇದೇ ಥರ ಆಗುತ್ತೆ. ಕಾಲಿಗೆ ಸ್ಪಂಜಿನ ಮೇಲೆ ನಿಂತ ಹಾಗನಿಸುತ್ತೆ.

ಆದರೆ ಏರ್ ತೆಗೆದರೂ ಪೆಡಲ್ ಕೆಳಗೇ ಇದ್ದರೆ ಹಿಂದಿನ ಡ್ರಮ್ ಬಿಚ್ಚಿ ನೋಡಬೇಕು. ಲೈನರ್ ಸವೆದ ಹಾಗೆ ಡ್ರಮ್ಮಿಗೂ ಲೈನರಿಗೂ ಅಂತರ ಹೆಚ್ಚುತ್ತೆ. ವೀಲ್ ಸಿಲಿಂಡರ್ 17.5 ಮಿ.ಮೀ. ಇದ್ದು, ಎರಡೂ ಚಕ್ರದ ನಾಲ್ಕು ಪಿಸ್ಟನ್ನುಗಳು ತಲಾ 1 ಮಿ.ಮೀ. ಹೆಚ್ಚು ಓಡಬೇಕಾದರೆ ಮತ್ತೆ ಹತ್ತಿರ ಹತ್ತಿರ 1 ಮಿ.ಲೀ. ಆಯಿಲ್, ಮತ್ತೆ 12 ಮಿ.ಮೀ. ಪೆಡಲ್. ತಾನಾಗೇ ಸರಿಹೊಂದುವ ಅಡ್ಜಸ್ಟರ್ ಇದ್ದರೂ ನಮ್ಮ ಕಡೆಯ ಧೂಳು ಹೊಕ್ಕರೆ ಅದು ಕಚ್ಚಿಕೊಳ್ಳುತ್ತೆ. ಮತ್ತೋಡಿನ ಕಾರಿನಲ್ಲಿ ಆಗಿದ್ದು ಮುಖ್ಯವಾಗಿ ಇದೇ. ಎರಡು ಸಲ ಪಂಪ್ ಮಾಡಿದರೆ ಪೆಡಲ್ ಮೇಲೆ ಬರ್ತಿತ್ತು, ಬಂದ ಮೇಲೆ ಗಟ್ಟಿಯಾಗೇ ಇರ್ತಿತ್ತು. ಗಾಳಿ ಇದ್ದರೆ ಪಂಪ್ ಮಾಡಿದ ಮೇಲೂ ಸ್ವಲ್ಪ ಸ್ಪಂಜಿನ ಹಾಗೇ ಇರುತ್ತೆ. ಈ ವ್ಯತ್ಯಾಸ ಕಾಲಿಗೆ ಗೊತ್ತಾದರೆ ಅರ್ಧ ಮೆಕ್ಯಾನಿಕ್ ಆದ ಹಾಗೆ. ಇನ್ನು ಒತ್ತಿ ಹಿಡಿದರೆ ಪೆಡಲ್ ನಿಧಾನಕ್ಕೆ ತಾನೇ ಇಳೀತಾ ಹೋದರೆ, ಹೊರಗೆ ಎಲ್ಲೂ ಸೋರಿಕೆ ಕಾಣದಿದ್ದರೆ, ಮಾಸ್ಟರ್ ಸಿಲಿಂಡರಿನೊಳಗಿನ ವಾಷರ್ ಹೋಗಿದೆ ಅಂತ. ಆ ಗಾಡಿಯನ್ನ ಮನೆವರೆಗೂ ಓಡಿಸಬೇಡಿ.

ಪೆಡಲ್ ಗಟ್ಟಿ ಮಾಡೋಕೆ ದೊಡ್ಡ ಮಾಸ್ಟರ್ ಸಿಲಿಂಡರ್ ಹಾಕೋ ಉಪಾಯವನ್ನೂ ಕೇಳಿರ್ತೀರಿ. 19.05 ಮಿ.ಮೀ. ತೆಗೆದು 20.64 ಹಾಕಿದರೆ ವಿಸ್ತೀರ್ಣ ಶೇ. 17 ಹೆಚ್ಚುತ್ತೆ. ಪೆಡಲ್ ಕಡಿಮೆ ಓಡುತ್ತೆ, ಕಲ್ಲಿನ ಹಾಗೆ ಗಟ್ಟಿ ಅನಿಸುತ್ತೆ. ಆದರೆ ಅದೇ ಒತ್ತಡ ಬರಬೇಕಂದ್ರೆ ಕಾಲು ಶೇ. 17 ಹೆಚ್ಚು ಒತ್ತಬೇಕು! ಓಡಿಸೋನಿಗೆ "ಬ್ರೇಕ್ ಸೂಪರ್ ಆಗಿದೆ" ಅನಿಸುತ್ತೆ, ಗಾಡಿ ನಿಲ್ಲಿಸೋ ವಿಷಯದಲ್ಲಿ ಹಿಂದಕ್ಕೆ ಹೋಗಿದ್ದೀವಿ. ತಲೆಬರಹದ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ಬೂಸ್ಟರ್ ಪರೀಕ್ಷೆಗೆ ಉಪಕರಣವೇ ಬೇಡ. ಇಂಜಿನ್ ಆಫ್ ಮಾಡಿ ನಾಲ್ಕೈದು ಸಲ ಒತ್ತಿ, ಪೆಡಲ್ ಬಿಗಿಯಾಗುತ್ತೆ. ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡ್ತಿದೆ. ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸೋಕೆ ಇಂಜಿನ್ ಆಫ್ ಮಾಡೋರು ನಿಮ್ಮ ಮನೆಯಲ್ಲೂ ಇದ್ದರೆ ಈ ಪರೀಕ್ಷೆಯನ್ನು ಅವರ ಕೈಯಲ್ಲೇ ಮಾಡಿಸಿ. ಎರಡು ಮೂರು ಒತ್ತಿಗೆ ವ್ಯಾಕ್ಯೂಮ್ ಖಾಲಿ, ಆಮೇಲೆ 14 ಕೆ.ಜಿ. ಕೆಲಸಕ್ಕೆ 42 ಕೆ.ಜಿ. ಅನ್ನೋದು ಕಾಲಿಗೇ ತಿಳಿಯುತ್ತೆ.

ಬಿಸಿ

ದೊಡ್ಡ ಡಿಸ್ಕಿಗೆ ಒಂದು ನ್ಯಾಯವಾದ ಕಾರಣ ಇದೆ, ಅದು ಶಾಖ. 60 ಕಿ.ಮೀ. ವೇಗದಿಂದ 800 ಕೆ.ಜಿ. ಕಾರನ್ನು ನಿಲ್ಲಿಸಿದರೆ ಬ್ರೇಕಿಗೆ ಹೋಗೋ ಶಕ್ತಿ 111 ಕಿಲೋಜೂಲ್. ಘಟ್ಟದಲ್ಲಿ ವೇಗ ಏರದಂತೆ ಬ್ರೇಕಿನಲ್ಲೇ ಹಿಡಿದು 100 ಮೀಟರ್ ಎತ್ತರ ಇಳಿದರೆ 785 ಕಿಲೋಜೂಲ್. ಏಳು ಸಲ 60ರಿಂದ ಸೊನ್ನೆಗೆ ನಿಲ್ಲಿಸಿದ ಹಾಗೆ, ಅದೂ ಮಧ್ಯೆ ಬಿಡುವಿಲ್ಲದೆ! ಇದರಲ್ಲಿ ಶೇ. 70 ಮುಂದಿನ ಎರಡು ಡಿಸ್ಕಿಗೆ ಹೋಗಿ, ಎರಡೂ ಸೇರಿ 7 ಕೆ.ಜಿ. ಕಬ್ಬಿಣ ಇದ್ದರೆ, ಗಾಳಿ ತಣ್ಣಗಾಗಿಸೋದನ್ನ ಬಿಟ್ಟು ಲೆಕ್ಕ ಹಾಕಿದಾಗ ಉಷ್ಣತೆ 150 ಡಿಗ್ರಿಗೂ ಹೆಚ್ಚು ಏರುತ್ತೆ. ಧರ್ಮಸ್ಥಳಕ್ಕೆ ಚಾರ್ಮಾಡಿ ಘಾಟಿಯಲ್ಲಿ ಇಳಿಯೋದು ಇಂಥ ಎಷ್ಟೋ ನೂರು ಮೀಟರು.

ಇಲ್ಲಿ ಆಯಿಲ್ ವಯಸ್ಸು ಮುಖ್ಯವಾಗುತ್ತೆ. ಡಾಟ್ 3 ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು, ಡಾಟ್ 4 ಆದರೆ 230. ಆದರೆ ಇವು ಗಾಳಿಯ ತೇವ ಹೀರುತ್ತವೆ. ಶೇ. 3.7ರಷ್ಟು ನೀರು ಸೇರಿದರೆ ಮಿತಿ 140 ಮತ್ತು 155ಕ್ಕೆ ಇಳಿಯುತ್ತೆ. ಕುದ್ದರೆ ಆವಿ, ಆವಿ ಅಂದರೆ ಮತ್ತದೇ ಕುಗ್ಗುವ ಗಾಳಿ, ಪೆಡಲ್ ನೆಲಕ್ಕೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ ಅನ್ನೋದು ಇದಕ್ಕೇ. ಬೇಕಾದ ದರ್ಜೆ ಡಬ್ಬಿಯ ಮುಚ್ಚಳದ ಮೇಲೇ ಬರೆದಿರುತ್ತೆ. ಕಮ್ಮಿಯಾಯ್ತು ಅಂತ ಇಂಜಿನ್ ಆಯಿಲ್ ಸುರಿದರೆ ರಬ್ಬರ್ ವಾಷರುಗಳು ಊದಿಕೊಂಡು ಎಲ್ಲವನ್ನೂ ಬದಲಿಸಬೇಕಾಗುತ್ತೆ. ಘಟ್ಟಕ್ಕೆ ಇನ್ನೊಂದು ಮದ್ದು ಪುಕ್ಕಟೆ: ಎರಡನೇ ಗೇರು. ಆ ಶಾಖದಲ್ಲಿ ಒಂದು ಪಾಲನ್ನು ಇಂಜಿನ್ ತಗೊಳ್ಳುತ್ತೆ.

ಶಾಖ ಪ್ಯಾಡಿನ ಮುಖವನ್ನೂ ಕೆಡಿಸುತ್ತೆ. ಒಳಗಿನ ಅಂಟು ಕರಗಿ ಮೇಲೆ ಗಾಜಿನ ಹಾಗೆ ನುಣುಪು ಪದರ ಕಟ್ಟುತ್ತೆ. (ಮತ್ತೋಡು ಒಂದು ಕಾಲಕ್ಕೆ ಬಳೆಗಾಜಿಗೆ ಹೆಸರಾದ ಊರು, 1800ರ ಹೊತ್ತಿಗೆ ಈ ಸೀಮೆ ಸುತ್ತಿದ ಬುಕಾನನ್ ಅಲ್ಲಿಯ ಗಾಜಿನ ಕೆಲಸದ ಬಗ್ಗೆ ಬರೆದಿದ್ದಾನೆ. ಆ ಗಾಜು ಕೈಗೆ ಚೆಂದ, ಪ್ಯಾಡಿಗೆ ಬೇಡ.) ಹೊಸ ಪ್ಯಾಡ್ ಕೊಳ್ಳುವಾಗ ಹಿಂಭಾಗದ ಅಥವಾ ಅಂಚಿನ ಸಂಕೇತದ ಕೊನೆಯ ಎರಡು ಅಕ್ಷರ ನೋಡಿ. ಮೊದಲನೆಯದು ಮಾಮೂಲಿ ಬಿಸಿಯಲ್ಲಿ, ಎರಡನೆಯದು ಹೆಚ್ಚು ಬಿಸಿಯಲ್ಲಿ ಘರ್ಷಣಾಂಕ ಎಷ್ಟು ಅಂತ ಹೇಳುತ್ತೆ: 'ಇ' ಅಂದರೆ 0.25ರಿಂದ 0.35, 'ಎಫ್' 0.35ರಿಂದ 0.45, 'ಜಿ' 0.45ರಿಂದ 0.55. ಎರಡೂ 'ಎಫ್' ಇದ್ದರೆ ಊರಿನ ಕಾರಿಗೆ ಧಾರಾಳ ಸಾಕು. ಹಾಕಿದ ಮೇಲೆ ಖಾಲಿ ರಸ್ತೆಯಲ್ಲಿ 50ರಿಂದ 10ಕ್ಕೆ ಮಧ್ಯಮ ಒತ್ತಡದಲ್ಲಿ ಹತ್ತು ಸಲ ಇಳಿಸಿ, ಮಧ್ಯೆ ಅರ್ಧ ನಿಮಿಷ ಓಡಿಸಿ ತಣ್ಣಗಾಗಲು ಬಿಡಿ. ಡಿಸ್ಕಿನ ಮೇಲೆ ಪ್ಯಾಡಿನ ತೆಳು ಪದರ ಸಮವಾಗಿ ಕೂರೋದು ಹೀಗೆ.

ಕೆಲಸ ಮಾಡೋ ಉತ್ಸಾಹ ಬಂದವರಿಗೆ ಎರಡು ಮಾತು. ಹಳೇ ಲೈನರುಗಳಲ್ಲಿ ಕಲ್ನಾರು ಇರಬಹುದು. ಡ್ರಮ್ಮಿನ ಧೂಳನ್ನು ಬಾಯಲ್ಲಾಗಲಿ ಕಂಪ್ರೆಸರಿನಲ್ಲಾಗಲಿ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಚಕ್ರ ಜೋಡಿಸಿದ ಮೇಲೆ ಗಾಡಿ ಕದಲಿಸೋ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಪಂಪ್ ಮಾಡಿ, ಇಲ್ಲದಿದ್ದರೆ ಮೊದಲ ಒತ್ತಿಗೆ ಪ್ಯಾಡ್ ಡಿಸ್ಕನ್ನು ಮುಟ್ಟೋದೇ ಇಲ್ಲ.

ಮತ್ತೋಡಿನ ಕಾರಿಗೆ ಕೊನೆಗೆ ಆಗಿದ್ದು ಇಷ್ಟು: ಡ್ರಮ್ ಬಿಚ್ಚಿ ಅಡ್ಜಸ್ಟರ್ ಶುಚಿ, ಹೊಸ ಪ್ಯಾಡು, ಹೊಸ ಹೋಸು, ಹೊಸ ಆಯಿಲ್. ಪೆಡಲ್ ಮೇಲೆ ಬಂತು. ಉಳಿದದ್ದು ಟೈರು. 60 ಕಿ.ಮೀ. ವೇಗದಲ್ಲಿ ಕುರಿ ಕಂಡು ಕಾಲು ಬ್ರೇಕಿಗೆ ಹೋಗೋ ಒಂದು ಸೆಕೆಂಡಿನಲ್ಲೇ 17 ಮೀಟರ್ ಹೋಗಿರುತ್ತೆ. ಆಮೇಲೆ ಘರ್ಷಣಾಂಕ 0.8 ಇದ್ದರೆ 18 ಮೀಟರಿನಲ್ಲಿ ನಿಲ್ಲುತ್ತೆ, 0.5 ಆದರೆ 28. ಒಕ್ಕಣೆಯ ಹುಲ್ಲಿನ ಮೇಲೆ 0.3 ಅಂದುಕೊಂಡರೆ 47. ಹುಲ್ಲಿನ ಮುಂದೆ ಯಾವ ಬ್ರೇಕೂ ಇಲ್ಲ, ವೇಗ ಇಳಿಸೋದೊಂದೇ. ಆದರೆ 0.5ನ್ನ 0.8 ಮಾಡೋದು ಒಳ್ಳೆ ಟೈರಿನ ಕೈಲಿದೆ. ಆ ಕಾರಿನ ಟೈರಿನ ಗೆರೆಗಳು ಚೆನ್ನಾಗೇ ಇದ್ದವು. ಪಕ್ಕದಲ್ಲಿ ಅಂಡಾಕಾರದೊಳಗೆ ನಾಲ್ಕು ಅಂಕಿ ಇರುತ್ತವಲ್ಲ, ಮೊದಲೆರಡು ವಾರ, ಕೊನೆಯೆರಡು ವರ್ಷ, ಅದನ್ನ ಓದಿದಾಗ ಗೊತ್ತಾಯ್ತು: ಹತ್ತು ವರ್ಷ ದಾಟಿತ್ತು, ರಬ್ಬರ್ ಉಗುರಿಗೆ ಸಿಗದಷ್ಟು ಗಟ್ಟಿ. ದೊಡ್ಡ ಡಿಸ್ಕಿಗೆ ಅಂತ ಎತ್ತಿಟ್ಟಿದ್ದ ದುಡ್ಡು ನಾಲ್ಕು ಹೊಸ ಟೈರಿಗೆ ಹೋಯ್ತು.