ಹೆಗಲಚೀಲವೂ ಹೆಗಲಿನ ಆರೋಗ್ಯವೂ

ಮದುವೆಯ ಹಂಗಾಮು ಮುಗಿಯುತ್ತಿದ್ದಂತೆ ಕುತ್ತಿಗೆ ಮತ್ತು ಹೆಗಲಿನ ನೋವಿಗೆ ಔಷಧ ಕೇಳಿ ಬರುವವರಲ್ಲಿ ಛಾಯಾಗ್ರಾಹಕ ತರುಣರು ಇದ್ದೇ ಇರುತ್ತಾರೆ. ಹತ್ತಿಮತ್ತೂರು, ಸವಣೂರು, ಶಿಗ್ಗಾಂವಿ ಭಾಗದ ಅನೇಕ ಮನೆಗಳಿಗೆ ಇಂದು ಕ್ಯಾಮೆರಾವೇ ಅನ್ನದ ದಾರಿ. ಬಂಕಾಪುರದ ನವಿಲುಗಳನ್ನೂ ರಾಣೆಬೆನ್ನೂರಿನ ಕೃಷ್ಣಮೃಗಗಳನ್ನೂ ಅರಸಿ ಹವ್ಯಾಸಕ್ಕಾಗಿ ಅಲೆಯುವವರೂ ಇದ್ದಾರೆ. ಇವರೆಲ್ಲರೂ ಕ್ಯಾಮೆರಾವನ್ನು ಹತ್ತಾರು ಸಲ ವಿಚಾರಿಸಿ ಕೊಳ್ಳುತ್ತಾರೆ. ಅದನ್ನು ಹೊರುವ ಚೀಲವನ್ನು ಮಾತ್ರ ಕೈಗೆ ಸಿಕ್ಕಂತೆ ಕೊಳ್ಳುತ್ತಾರೆ. ಬಹುಕಾಲ ಬಾಳುವ ಚೀಲವನ್ನು ಆರಿಸುವಾಗ, ಹೆಗಲೂ ಬಹುಕಾಲ ಬಾಳಬೇಕೆಂಬುದನ್ನು ಮರೆಯಬಾರದು.

ಹೆಗಲಿನ ಮರ್ಮ

ಸುಶ್ರುತ ಸಂಹಿತೆಯು ದೇಹದಲ್ಲಿ 107 ಮರ್ಮಸ್ಥಾನಗಳನ್ನು ಹೇಳುತ್ತದೆ. ತೋಳಿನ ಮೇಲ್ತುದಿ ಹಾಗೂ ಕುತ್ತಿಗೆಯ ನಡುವಿರುವ ‘ಅಂಸ’ವು ಅವುಗಳಲ್ಲೊಂದು. ಅದಕ್ಕೆ ಪೆಟ್ಟಾದರೆ ತೋಳು ಸ್ತಬ್ಧವಾಗುವುದೆಂದು ಸುಶ್ರುತನ ಮತ. ಅಲ್ಲಿ ನೆಲೆಗೊಂಡ ವಾತವು ಸಂಧಿಯ ಬಂಧನಗಳನ್ನು ಒಣಗಿಸಿದಾಗ ತೋಳನ್ನು ಎತ್ತಲಾಗದ ಅಪಬಾಹುಕ ರೋಗವು ಬರುತ್ತದೆ. ಚೀಲದ ಪಟ್ಟಿಯು ಕೂರುವುದು ಇದೇ ಸ್ಥಾನದಲ್ಲಿ. ಭಾರವನ್ನು ಒಂದೇ ಹೆಗಲಿಗೆ ತೂಗುಹಾಕಿದಾಗ, ಪಟ್ಟಿ ಜಾರದಿರಲೆಂದು ಆ ಹೆಗಲು ನಮಗರಿವಿಲ್ಲದೆ ಮೇಲೇರುತ್ತದೆ, ಬೆನ್ನೆಲುಬು ಇನ್ನೊಂದು ಬದಿಗೆ ವಾಲುತ್ತದೆ. ಮಾಂಸಖಂಡಗಳಿಗೆ ದಿನವಿಡೀ ವಿಶ್ರಾಂತಿಯಿರುವುದಿಲ್ಲ.

ಭಾರದ ಲೆಕ್ಕ

ವೃತ್ತಿಗೆ ಬಳಸುವ ದೊಡ್ಡ ಕ್ಯಾಮೆರಾ ಸುಮಾರು 800 ಗ್ರಾಂ, ಮದುವೆಗೆ ಬೇಕಾದ ಸಾಮಾನ್ಯ ಲೆನ್ಸ್ ಸುಮಾರು 800 ಗ್ರಾಂ, ದೂರದ ಚಿತ್ರ ತೆಗೆಯುವ ಉದ್ದನೆಯ ಲೆನ್ಸ್ ಸುಮಾರು ಒಂದೂವರೆ ಕಿಲೋ, ಫ್ಲಾಶ್ ಮತ್ತು ಬ್ಯಾಟರಿಗಳು ಸೇರಿ ಇನ್ನೊಂದು ಅರ್ಧ ಕಿಲೋಗೂ ಹೆಚ್ಚು. ಚೀಲವೇ ಒಂದೂವರೆ ಕಿಲೋ ತೂಗಿದರೆ ಒಟ್ಟು ಭಾರ ಐದು ಕಿಲೋ ದಾಟುತ್ತದೆ. ಆದ್ದರಿಂದ ಬರಿದಾದ ಚೀಲವನ್ನು ಎತ್ತಿ ನೋಡುವುದೇ ಮೊದಲ ಪರೀಕ್ಷೆ.

ಆಯ್ಕೆಯ ಕ್ರಮ

ಪಟ್ಟಿ: ಎರಡು ಸೆಂಟಿಮೀಟರ್ ಅಗಲದ ಪಟ್ಟಿಯ ಬದಲು ಐದು ಸೆಂಟಿಮೀಟರ್ ಅಗಲದ್ದನ್ನು ಬಳಸಿದರೆ ಅದೇ ಭಾರದ ಒತ್ತಡವು ಐದರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. ಜಂಗಮರ ಜೋಳಿಗೆಯ ಅಗಲವಾದ ಬಟ್ಟೆ ಹೆಗಲನ್ನು ಕೊರೆಯದಿರುವುದು ಇದೇ ಕಾರಣದಿಂದ. ಪಟ್ಟಿಯ ಒಳಮೈಗೆ ಮೆತ್ತೆಯಿರಲಿ. ಉದ್ದವನ್ನು ಹೆಚ್ಚು ಕಡಿಮೆ ಮಾಡಲು ಬರುವಂತಿರಲಿ.

ಹೊಲಿಗೆ: ಚೀಲವು ಸಾಮಾನ್ಯವಾಗಿ ಹರಿಯುವುದು ಪಟ್ಟಿ ಕೂಡುವಲ್ಲಿ. ಮೇಲಂಚಿಗೆ ಮಾತ್ರ ಹೊಲಿದ ಪಟ್ಟಿಗಿಂತ ಚೀಲದ ಅಡಿಯನ್ನು ಬಳಸಿ ಬಂದ ಪಟ್ಟಿ ಉತ್ತಮ. ಆಗ ಭಾರವನ್ನು ಹೊಲಿಗೆಯಲ್ಲ, ಪಟ್ಟಿಯೇ ಹೊರುತ್ತದೆ. 1970ರ ದಶಕದಲ್ಲಿ ಅಮೆರಿಕದ ಪತ್ರಿಕಾ ಛಾಯಾಗ್ರಾಹಕ ಜಿಮ್ ಡೊಮ್ಕೆ ರೂಪಿಸಿದ ಕ್ಯಾನ್ವಾಸ್ ಚೀಲದ ಕಟ್ಟು ಹೀಗೆಯೇ ಇದೆ. ಕೊಂಡಿಗಳು ಲೋಹದವಾಗಿರಲಿ.

ಬಟ್ಟೆ: ದಪ್ಪ ಹತ್ತಿಯ ಕ್ಯಾನ್ವಾಸ್ ಮೈಗೆ ಒಗ್ಗಿಕೊಳ್ಳುತ್ತದೆ, ಆದರೆ ನೀರು ಹೀರುತ್ತದೆ, ಮೇಣದ ಲೇಪವಿದ್ದರೆ ಮಳೆಯನ್ನು ತಡೆಯುತ್ತದೆ. ನೈಲಾನ್ ಹಗುರ, ಬೇಗ ಒಣಗುತ್ತದೆ. 9000 ಮೀಟರ್ ನೂಲಿನ ಗ್ರಾಂ ತೂಕವನ್ನು ಡೆನಿಯರ್ ಎನ್ನುತ್ತಾರೆ, 1000 ಡೆನಿಯರಿನ ನೂಲು ದಪ್ಪನೆಯದು, ಗಟ್ಟಿ. ಚರ್ಮ ಬಾಳುತ್ತದೆ, ಆದರೆ ಭಾರ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ತೇವವಾದ ಚೀಲದಲ್ಲಿ ಲೆನ್ಸಿಗೂ ಬೂಷ್ಟು ತಪ್ಪದು. ಒಣಗಿಸಿ, ಸಿಲಿಕಾ ಜೆಲ್ ಪೊಟ್ಟಣವಿಡಬೇಕು.

ಗಾತ್ರ: ದೊಡ್ಡ ಚೀಲದಲ್ಲಿ ಜಾಗವಿದ್ದಷ್ಟೂ ಸಾಮಾನು ತುಂಬುತ್ತದೆ. ಅಂದಿನ ಕೆಲಸಕ್ಕೆ ಬೇಕಾದಷ್ಟೇ ಹಿಡಿಸುವ ಚೀಲ ಸಾಕು. ಅಂಗಡಿಯಲ್ಲಿಯೇ ನಿಮ್ಮ ಕ್ಯಾಮೆರಾ ಇಟ್ಟು, ಹೆಗಲಿಗೆ ಹಾಕಿಕೊಂಡು ಹತ್ತು ನಿಮಿಷ ಅಡ್ಡಾಡಿ ನೋಡಿರಿ.

ಹೊರುವ ರೀತಿ ಮತ್ತು ಆರೈಕೆ

ಪಟ್ಟಿಯನ್ನು ಎದೆಗೆ ಅಡ್ಡಲಾಗಿ ಹಾಕಿ, ಚೀಲವು ಸೊಂಟಕ್ಕೆ ಒರಗುವಂತೆ ಇಟ್ಟುಕೊಳ್ಳಿರಿ. ಅರ್ಧ ಗಂಟೆಗೊಮ್ಮೆ ಹೆಗಲು ಬದಲಿಸಿರಿ. ಊಟಕ್ಕೆ ಕುಳಿತಾಗ, ಅಕ್ಷತೆಗೆ ಕಾಯುವಾಗ ಕೆಳಗಿಳಿಸಿರಿ. ದೂರ ನಡೆಯುವುದಿದ್ದರೆ ಎರಡು ಪಟ್ಟಿಯ ಬೆನ್ನುಚೀಲವೇ ಸರಿ. ರಾತ್ರಿ ಉಗುರುಬೆಚ್ಚಗಿನ ಎಳ್ಳೆಣ್ಣೆಯಿಂದ ಕುತ್ತಿಗೆ, ಹೆಗಲುಗಳಿಗೆ ಮೃದುವಾಗಿ ಅಭ್ಯಂಗ ಮಾಡಿ ಬಿಸಿನೀರಿನ ಶಾಖ ಕೊಟ್ಟರೆ ವಾತವು ಶಮನವಾಗುತ್ತದೆ. ಜ್ವರ ಅಥವಾ ಬಾವು ಇದ್ದಾಗ ಇದು ಬೇಡ.

ಬೆರಳುಗಳಲ್ಲಿ ಜೋಮು, ತೋಳಿನಲ್ಲಿ ಬಲಹೀನತೆ ಅಥವಾ ಕೈಯೆತ್ತಲಾಗದ ನೋವು ಕಂಡರೆ ಎಣ್ಣೆಯನ್ನೇ ನಂಬಿ ಕೂರದೆ ವೈದ್ಯರನ್ನು ಕಾಣಬೇಕು. ಎದೆನೋವು, ಬೆವರು ಕೂಡಿದ ಎಡಹೆಗಲ ನೋವನ್ನು ಚೀಲದ ನೋವೆಂದು ತಳ್ಳಿಹಾಕದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಹರಿದ ಚೀಲವನ್ನು ಹೊಲಿಸಬಹುದು, ಇಲ್ಲವೇ ಹೊಸದನ್ನು ಕೊಳ್ಳಬಹುದು. ಕಾಯಕಕ್ಕೆ ಆಧಾರವಾದ ತೋಳಿಗೆ ಆ ಅನುಕೂಲವಿಲ್ಲ.