ಎಸ್‌ಇಒ ಫಲ ಕೊಟ್ಟಿದೆಯೇ?

ಚನ್ನಪಟ್ಟಣದ ಆಟಿಕೆಗಳನ್ನು ಜಾಲತಾಣದಲ್ಲಿ ಮಾರುವ ಓದುಗರೊಬ್ಬರು, ಎಸ್‌ಇಒಗೆ, ಅಂದರೆ ಸರ್ಚ್ ಎಂಜಿನ್‌ಗಳಲ್ಲಿ ತಮ್ಮ ಪುಟಗಳು ಸುಲಭವಾಗಿ ಕಾಣುವಂತೆ ಮಾಡುವ ಕೆಲಸಕ್ಕೆ, ತೆತ್ತ ಹಣ ಫಲ ಕೊಡುತ್ತಿದೆಯೇ ಎಂದು ಕೇಳಿದ್ದಾರೆ. ಫಲಿತಾಂಶವು ಹುಡುಕುವವರ ಊರಿಗೂ ಸಾಧನಕ್ಕೂ ತಕ್ಕಂತೆ ಬದಲಾಗುವುದರಿಂದ, ತಮ್ಮ ಫೋನಿನಲ್ಲಿ ತಾವೇ ಹುಡುಕಿ ಸ್ಥಾನ ನೋಡುವ ಅಭ್ಯಾಸವನ್ನು ಅವರು ಮೊದಲು ಬಿಡಬೇಕು. ಗೂಗಲ್ ಸರ್ಚ್ ಕನ್ಸೋಲ್ ಎಂಬ ಉಚಿತ ಸಾಧನವು, ಪುಟವು ಫಲಿತಾಂಶಗಳಲ್ಲಿ ಎಷ್ಟು ಸಲ ಕಾಣಿಸಿತು ಎಂಬ ಇಂಪ್ರೆಷನ್ ಲೆಕ್ಕವನ್ನೂ, ಎಷ್ಟು ಸಲ ಅದನ್ನು ಒತ್ತಿ ಒಳಬರಲಾಯಿತು ಎಂಬ ಕ್ಲಿಕ್ ಲೆಕ್ಕವನ್ನೂ, ಜನ ಹುಡುಕಿದ ಪದಗಳ ಸಮೇತ 16 ತಿಂಗಳವರೆಗೆ ತೋರಿಸುತ್ತದೆ. ಅದರಲ್ಲಿ ಅಂಗಡಿಯ ಹೆಸರನ್ನೇ ಬರೆದು ಹುಡುಕಿದ ಕ್ಲಿಕ್‌ಗಳನ್ನು ಬದಿಗಿಟ್ಟು, ‘ಮರದ ಗಿಲಕಿ’ಯಂಥ ಪದಗಳಿಂದ ಬಂದವನ್ನು ಪ್ರತ್ಯೇಕವಾಗಿ ಎಣಿಸುವುದೇ ಈ ಪರೀಕ್ಷೆಯ ತಿರುಳು; ಹೆಸರು ಗೊತ್ತಿದ್ದವರು ಎಸ್‌ಇಒ ಇಲ್ಲದೆಯೂ ಬರುತ್ತಿದ್ದರು. ದಸರಾ ಬೊಂಬೆಗಳ ಕಾಲದ ಏರಿಕೆಯನ್ನು ಆಷಾಢದ ಜೊತೆಗಲ್ಲ, ಹಬ್ಬದ ತಾರೀಖು ಸರಿಯುವುದನ್ನು ಗಮನದಲ್ಲಿಟ್ಟುಕೊಂಡು, ಹಿಂದಿನ ವರ್ಷದ ದಸರಾದ ಜೊತೆ ಹೋಲಿಸಬೇಕು. ಕ್ಲಿಕ್ ಏರಿಯೂ ಆರ್ಡರ್, ಫೋನ್ ಕರೆ, ವಾಟ್ಸ್‌ಆ್ಯಪ್ ವಿಚಾರಣೆಗಳು ಏರದಿದ್ದರೆ, ದೋಷವು ಪುಟದಲ್ಲಿನ ಬೆಲೆ, ಚಿತ್ರ, ಸಾಗಣೆಯ ವಿವರಗಳಲ್ಲಿರಬಹುದು, ಇಲ್ಲವೇ ಕೊಳ್ಳುವ ಉದ್ದೇಶವೇ ಇಲ್ಲದವರು ಹುಡುಕುವ ಪದಗಳಿಗಾಗಿ ಶ್ರಮ ವ್ಯಯವಾಗಿರಬಹುದು. ಫಲ ಕಾಣಲು ಸಾಮಾನ್ಯವಾಗಿ 4 ತಿಂಗಳಿಂದ 1 ವರ್ಷ ಬೇಕೆಂದು ಗೂಗಲ್ ಸಂಸ್ಥೆಯೇ ಹೇಳಿರುವುದರಿಂದ, ಒಂದೇ ತಿಂಗಳಲ್ಲಿ ಮೊದಲ ಸ್ಥಾನದ ಖಾತರಿ ಕೊಡುವವರಿಗೆ ಹಣ ಕೊಡಲೇಬಾರದು.